ಮೇಲೆ ಹತ್ತಿ ಇಳಿದರೆ ನೋಡಿದ ಹಾಗಾಯ್ತಾ?

ಬೆಲ್ಜಿಯಂ ರಾಜಧಾನಿ ಬ್ರಸೆಲ್ಸ್‌ನ ಅಟೋಮಿಯಂ ಕಟ್ಟಡ ನೋಡಿ ಎರಡು ದಿನವಾಯಿತು. ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಕೆಲಸ ನಿಮಗೆಲ್ಲ ಗೊತ್ತೇ ಇದೆ. ಇಪ್ಪತ್ತೆರಡು ವರ್ಷ ಕಬ್ಬಿಣ ಕತ್ತರಿಸಿ, ಬಗ್ಗಿಸಿ, ವೆಲ್ಡ್ ಮಾಡಿದವನು. ಟೂರಿಗೆ ದುಡ್ಡು ಕಟ್ಟುವ ಮೊದಲು ಪಟ್ಟಿಯಲ್ಲಿ ಹುಡುಕಿದ್ದು ಇದೊಂದೇ ಹೆಸರು. ಕಬ್ಬಿಣದ ಹರಳಿನಲ್ಲಿ ಪರಮಾಣುಗಳು ಹೇಗೆ ಕೂತಿರುತ್ತವೋ ಹಾಗೇ ಈ ಕಟ್ಟಡ. ಎಂಟು ಮೂಲೆಗೆ ಎಂಟು ಗುಂಡು, ನಟ್ಟನಡುವೆ ಒಂದು. 16,500 ಕೋಟಿ ಪಟ್ಟು ದೊಡ್ಡದು ಮಾಡಿ 102 ಮೀಟರ್ ಎತ್ತರಕ್ಕೆ ನಿಲ್ಲಿಸಿದ್ದಾರೆ. ಒಂದೊಂದು ಗುಂಡೂ 18 ಮೀಟರ್ ಅಗಲ!

ನಮ್ಮ ಟೂರ್ ಮ್ಯಾನೇಜರ್ ಹೇಳಿದ್ದು ಇಷ್ಟೇ. "ಲಿಫ್ಟಲ್ಲಿ ಸೀದಾ ಮೇಲೆ ಹೋಗಿ, ಫೋಟೊ ತಗೊಳ್ಳಿ, ಮುಕ್ಕಾಲು ಗಂಟೇಲಿ ಬಸ್ ಹತ್ರ ಇರಿ. ಉಳಿದಿದ್ದೆಲ್ಲ ಹಳೇ ಫೋಟೊ, ಏನಿಲ್ಲ."

ಏನಿಲ್ವಾ?

ಮೇಲೆ ಹೋದೆವು. ಊರೆಲ್ಲ ಕಾಣುತ್ತದೆ, ಸುಳ್ಳು ಹೇಳಲ್ಲ, ಚೆನ್ನಾಗಿದೆ. ಪಕ್ಕದಲ್ಲೇ ಸ್ಟೇಡಿಯಂ, ಬುಡದಲ್ಲಿ ಯುರೋಪಿನ ಕಟ್ಟಡಗಳ ಪುಟ್ಟ ಮಾದರಿಗಳಿರುವ ಮಿನಿ ಯುರೋಪ್ ಪಾರ್ಕ್, ದೂರದಲ್ಲಿ ದೊಡ್ಡ ಚರ್ಚಿನ ಗುಮ್ಮಟ. ಆದರೆ ಕೆಳಗಿನ ಆ ಬಯಲು ಏನು ಅಂತ ಗೊತ್ತಿಲ್ಲದೆ ನೋಡಿದರೆ ಬರೀ ಮರ, ಬರೀ ಸೂರು. ನಾನೂ ಹತ್ತು ಫೋಟೊ ತೆಗೆದೆ. ಮನಸ್ಸಿಗೆ ಏನೂ ತಾಕಲಿಲ್ಲ.

ಗುಂಪು ಬಸ್ಸಿನ ಕಡೆ ಹೋಯಿತು. ನಾನು ಕೆಳಗಿನ ಗುಂಡುಗಳಿಗೆ ಹೋದೆ. ಅಲ್ಲಿನ ಪ್ರದರ್ಶನದಲ್ಲಿದೆ ಕಥೆ. ನಾನಾ ದೇಶಗಳು ತಮ್ಮ ಸಾಧನೆ ತೋರಿಸುವ 1958ರ ವಿಶ್ವ ಮೇಳಕ್ಕೆ ಅಂತ ಕಟ್ಟಿದ್ದು ಇದು. ಆರು ತಿಂಗಳು ಇಟ್ಟು ಬಿಚ್ಚಿಹಾಕಬೇಕಿತ್ತು. ಜನ ಇಷ್ಟಪಟ್ಟರು, ಉಳಿಯಿತು. ಇದು ಆಂದ್ರೆ ವಾಟರ್‌ಕೈನ್ ಅನ್ನೋ ಇಂಜಿನಿಯರ್ ಕಲ್ಪನೆ. ಮೊದಲು ಹೊದಿಸಿದ್ದ ಅಲ್ಯೂಮಿನಿಯಂ ಮಂಕಾಗಿತ್ತು. 2006ರ ಹೊತ್ತಿಗೆ ಅದನ್ನೆಲ್ಲ ತೆಗೆದು ಸ್ಟೇನ್‌ಲೆಸ್ ಸ್ಟೀಲ್ ಹಾಕಿದರು. ಹಳೇ ತ್ರಿಕೋನ ತಗಡುಗಳನ್ನು ಜನ ದುಡ್ಡು ಕೊಟ್ಟು ಮನೆಗೆ ಒಯ್ದರು. ಉಕ್ಕಿನ ತೊಲೆಗಳು ಬಂದು ಕೂಡುವ ಜಾಗದಲ್ಲಿ ಕೈಯಿಟ್ಟು ನಿಂತೆ. ತಣ್ಣಗಿತ್ತು. ಕಣ್ಣು ತುಂಬಿ ಬಂತು, ಯಾಕೆ ಅಂತ ಕೇಳಬೇಡಿ.

ಇನ್ನೊಂದು ವಿಷಯ. ಅಣುಶಕ್ತಿಯಿಂದ ಲೋಕವೇ ಬೆಳಗುತ್ತೆ ಅಂತ ಸಂಭ್ರಮಿಸಿದ ಅದೇ ಮೇಳದಲ್ಲಿ, ಆಗ ಬೆಲ್ಜಿಯಂ ಆಳುತ್ತಿದ್ದ ಕಾಂಗೋದ ಜನರನ್ನು ಬೇಲಿಯೊಳಗೆ ಕೂರಿಸಿ ಪ್ರದರ್ಶನಕ್ಕೆ ಇಟ್ಟಿದ್ದರು. ನೋಡಲು ಬಂದವರು ಬಾಳೆಹಣ್ಣು ಎಸೆದರು. 1960ರಲ್ಲಿ ಕಾಂಗೋ ಸ್ವತಂತ್ರವಾಯಿತು. ನಾವು ಮೇಲಿಂದ ಫೋಟೊ ತೆಗೆದದ್ದು ಆ ಮೇಳದ ಬಯಲನ್ನೇ! ಇದು ತಿಳಿದ ಮೇಲೆ ಇನ್ನೊಂದು ಸಲ ಮೇಲೆ ಹೋಗಿ ನೋಡಬೇಕು ಅನ್ನಿಸಿತು. ಟೈಮ್ ಇರಲಿಲ್ಲ.

ಹತ್ತು ದಿನದಲ್ಲಿ ಎಷ್ಟೋ ಊರು ಸುತ್ತಬೇಕು, ಎಲ್ಲದಕ್ಕೂ ಟೈಮ್ ಎಲ್ಲಿಂದ ತರೋದು ಅಂತೀರಿ. ಒಪ್ಪಲ್ಲ. ಅದೇ ದಿನ ಚಾಕೊಲೇಟ್ ಅಂಗಡಿಯಲ್ಲಿ ಒಂದೂವರೆ ಗಂಟೆ ನಿಲ್ಲಿಸಿದರು. ಇಲ್ಲಿ ಅರ್ಧ ಗಂಟೆ ಜಾಸ್ತಿ ಕೊಟ್ಟಿದ್ದರೆ ಸಾಕಿತ್ತು. ಮೊದಲು ಕೆಳಗಿನ ಗುಂಡುಗಳ ಪ್ರದರ್ಶನ, ಆಮೇಲೆ ಮೇಲಿನ ನೋಟ. ಇಷ್ಟು ಹೇಳೋಕೆ ಏನು ಕಷ್ಟ?

ಬಸ್ಸಲ್ಲಿ ಪಕ್ಕದ ಸೀಟಿನ ಅಜ್ಜಿ ಕೇಳಿದರು, "ಆ ಗುಂಡುಗಳು ಏನಪ್ಪಾ?" ಟಿಕೆಟ್ ಹಿಂದೆ ಎಂಟು ಚುಕ್ಕಿ ಇಟ್ಟು, ನಡುವೆ ಒಂದು ಇಟ್ಟೆ. "ಇದು ಕಬ್ಬಿಣ, ಅಮ್ಮ" ಅಂದೆ. ಅವರು ಸುಮಾರು ಹೊತ್ತು ನೋಡಿದರು. "ಮೊದಲೇ ಹೇಳಬಾರದಿತ್ತಾ?" ಅಂತ ಕಿಟಕಿ ಕಡೆ ತಿರುಗಿದರು. ಬಸ್ಸು ಅಷ್ಟರಲ್ಲಿ ದೊಡ್ಡ ರಸ್ತೆಗೆ ಬಂದಿತ್ತು.