7 ಸೆಕೆಂಡ್ ಮೊದಲೇ ಮೆದುಳು ತೀರ್ಮಾನ ಮಾಡಿಬಿಡುತ್ತಾ?

'ನೀವು ನಿರ್ಧರಿಸುವ 7 ಸೆಕೆಂಡ್ ಮೊದಲೇ ಮೆದುಳು ನಿರ್ಧರಿಸಿರುತ್ತದೆ, ವಿಜ್ಞಾನ ಸಾಬೀತು ಮಾಡಿದೆ' ಎನ್ನುವ ಪೋಸ್ಟ್ ಓಡಾಡುತ್ತಿದೆ. ಇದು ಉತ್ಪ್ರೇಕ್ಷೆ.

ಇದರ ಮೂಲ, 2008ರಲ್ಲಿ ಪ್ರಕಟವಾದ ಜರ್ಮನಿಯ ಜಾನ್-ಡೈಲನ್ ಹೇನ್ಸ್ ತಂಡದ ಪ್ರಯೋಗ. ಸ್ಕ್ಯಾನರ್‌ನಲ್ಲಿ ಮಲಗಿದವರು ಎಡಗೈ ಅಥವಾ ಬಲಗೈಯಿಂದ ಬಟನ್ ಒತ್ತಬೇಕಿತ್ತು, ಅಷ್ಟೇ. ಕೆಲವು ಸೆಕೆಂಡ್ ಮೊದಲಿನ ಮೆದುಳಿನ ಚಟುವಟಿಕೆ ನೋಡಿ ಕಂಪ್ಯೂಟರ್ ಮಾಡಿದ ಊಹೆ ಸರಿಯಾದದ್ದು ಸುಮಾರು ಶೇ. 60ರಷ್ಟು ಸಲ. ಸುಮ್ನೆ ನಾಣ್ಯ ಚಿಮ್ಮಿದರೂ 50 ಸಿಗುತ್ತದೆ ಅಲ್ವಾ? ಒಂದು ಕಡೆಗೆ ಒಲವಿತ್ತು ಎನ್ನಬಹುದು. ತೀರ್ಮಾನ ಆಗಿಹೋಗಿತ್ತು ಎನ್ನಲು ಇದು ಸಾಲದು.

1983ರ ಬೆಂಜಮಿನ್ ಲಿಬೆಟ್ ಪ್ರಯೋಗವನ್ನೂ ಇದಕ್ಕೆ ಜೋಡಿಸುತ್ತಾರೆ. ಅಲ್ಲಿ ಮೆದುಳಿನಲ್ಲಿ ವಿದ್ಯುತ್ ಸಂಕೇತ ಶುರುವಾದದ್ದಕ್ಕೂ 'ಈಗ ಕೈ ಆಡಿಸಬೇಕು' ಎಂದು ಜನರಿಗೆ ಅನಿಸಿದ್ದಕ್ಕೂ ನಡುವಿನ ಅಂತರ ಅರ್ಧ ಸೆಕೆಂಡೂ ಇಲ್ಲ. ಅಲ್ಲಿ ಕಂಡ ವಿದ್ಯುತ್ ಸಂಕೇತ ನಿರ್ಧಾರವೇ ಅಲ್ಲ, ಮೆದುಳಿನ ಸಹಜ ಏರಿಳಿತವಿರಬಹುದು ಎಂದು 2012ರಲ್ಲಿ ಆರನ್ ಶುರ್ಗರ್ ತಂಡ ವಾದಿಸಿತು. ಮದುವೆ, ಸೈಟು, ನೌಕರಿಯ ನಿರ್ಧಾರಗಳನ್ನಂತೂ ಈ ಪ್ರಯೋಗಗಳು ಅಳೆದೇ ಇಲ್ಲ.