ಟಿವಿ ಅಗ್ಗ ಆಯಿತು ಅಂತ ಮಾತ್ರ ಟಿವಿ ಸರಿಯಾಗಿ ಹೇಳಿತು

ಸಿಟ್ಟು ತಡೆಯಲಾಗದೆ ಬರೆಯುತ್ತಿದ್ದೇನೆ. ಉದ್ದ ಆದರೆ ಸಹಿಸಿಕೊಳ್ಳಿ.

ನನಗೆ ಬೇಕಿದ್ದದ್ದು ಒಂದೇ ಒಂದು ಸುದ್ದಿ. ಅಪ್ಪನ ಹೆಲ್ತ್ ಇನ್ಶೂರೆನ್ಸ್ 2025ರ ಸೆಪ್ಟೆಂಬರ್ 25ಕ್ಕೆ ಮುಗಿಯುತ್ತಿತ್ತು. ಅಪ್ಪನಿಗೆ 72 ವರ್ಷ. ಪ್ರೀಮಿಯಂ 31,000 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 5,580. ಒಟ್ಟು 36,580. ಸೆಪ್ಟೆಂಬರ್ 3ರ ರಾತ್ರಿ ದೆಹಲಿಯಲ್ಲಿ ಜಿಎಸ್‌ಟಿ ಕೌನ್ಸಿಲ್ ಸಭೆ ಮುಗಿಯಿತು. 12 ಮತ್ತು 28ರ ಹಂತಗಳು ಹೋದವು, 5 ಮತ್ತು 18 ಉಳಿದವು. ನಾವು ನಾವೇ ಮಾಡಿಸಿಕೊಂಡ ಹೆಲ್ತ್ ಪಾಲಿಸಿಗೆ ತೆರಿಗೆಯೇ ಇಲ್ಲ ಅಂತ ಆಯಿತು. ಇದು 22ರಿಂದ ಜಾರಿ.

ಇಷ್ಟು ಚೊಕ್ಕವಾಗಿ ನನಗೆ ಈಗ ಗೊತ್ತು. ಆಗ ಗೊತ್ತಿದ್ದದ್ದು "ಇನ್ಶೂರೆನ್ಸ್‌ಗೂ ಏನೋ ಕಡಿಮೆ ಮಾಡಿದ್ದಾರಂತೆ" ಅನ್ನುವಷ್ಟು ಮಾತ್ರ. ಆ ಕಡೆ ಕಂಪನಿಯಿಂದ ದಿನಕ್ಕೆರಡು ಮೆಸೇಜು. ಈಗಲೇ ರಿನ್ಯೂ ಮಾಡಿ, ನೆಮ್ಮದಿಯಾಗಿರಿ. ಮೊತ್ತ ಅದೇ ಹಳೆಯ 36,580. ಈಗ ಕಟ್ಟಿದರೆ ಐದೂವರೆ ಸಾವಿರ ನೀರಿಗೆ ಹಾಕಿದ ಹಾಗಾ? ಕಾದರೆ ಪಾಲಿಸಿಗೇ ಕುತ್ತಾ? ಅಪ್ಪನಿಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿದ್ದೇವೆ. ಪಾಲಿಸಿ ಒಂದು ದಿನ ತಪ್ಪಿದರೂ ನನಗೆ ನಿದ್ದೆ ಬರುವುದಿಲ್ಲ.

ಸರಿ, ಟಿವಿ ಇದೆಯಲ್ಲ. ತಿಂಗಳು ತಿಂಗಳು ಕೇಬಲ್‌ಗೆ ದುಡ್ಡು ಕೊಡುತ್ತೇವೆ. ನಮ್ಮ ಪ್ಯಾಕ್‌ನಲ್ಲಿ ಕನ್ನಡ ನ್ಯೂಸ್ ಚಾನೆಲ್‌ಗಳೇ ಒಂದು ಡಜನ್ ಹತ್ತಿರ ಇವೆ. ಯಾವುದೋ ಒಂದರಲ್ಲಿ ಹೇಳೇ ಹೇಳುತ್ತಾರೆ ಅಂದುಕೊಂಡೆ. 4ನೇ ತಾರೀಕಿನಿಂದ 21ರವರೆಗೆ, ಹದಿನೆಂಟು ಸಂಜೆ, ಆಫೀಸಿನಿಂದ ಬಂದು ಚಪ್ಪಲಿ ಬಿಟ್ಟವಳೇ ಟಿವಿ ಮುಂದೆ ಕೂತಿದ್ದೇನೆ.

ಮೊದಲ ದಿನ ಪರದೆ ತುಂಬ ಬೆಂಕಿ. ನಿಜವಾಗಿ ಬೆಂಕಿ, ಗ್ರಾಫಿಕ್ಸ್‌ದು. ಅದರೊಳಗಿಂದ 'ಜಿಎಸ್‌ಟಿ ಬಾಂಬ್' ಅಂತ ಅಕ್ಷರಗಳು ಸಿಡಿದು ಬಂದವು. ಕಡಿಮೆ ಆದದ್ದಕ್ಕೆ ಬಾಂಬ್ ಯಾಕೆ ಸ್ವಾಮಿ? ಬೆಲೆ ಏರಿದರೆ ಶಾಕ್, ಇಳಿದರೂ ಶಾಕ್. ಮಂತ್ರಿ ಬೈದರೆ ಗರಂ, ಬೈಯದಿದ್ದರೆ ನಿಗೂಢ ಮೌನ. ಆಮೇಲೆ ಒಂದು ಪಟ್ಟಿ ಬಂತು. ಪನೀರ್, ಸೋಪು, ಶಾಂಪೂ, ಸಣ್ಣ ಕಾರು. 32 ಇಂಚಿಗಿಂತ ದೊಡ್ಡ ಟಿವಿಗೆ ತೆರಿಗೆ 28ರಿಂದ 18ಕ್ಕೆ ಇಳಿದಿದೆ ಅಂತ ಮಾತ್ರ ಎಂಟು ಸಲ ಹೇಳಿದರು. ಅಷ್ಟು ಖಚಿತವಾಗಿ, ತೊದಲದೆ ಅವರು ಹೇಳಿದ ಸುದ್ದಿ ಅದೊಂದೇ. 'ಇನ್ಶೂರೆನ್ಸ್' ಅನ್ನುವ ಪದ ಕೆಳಗೆ ಓಡುವ ಸಾಲಿನಲ್ಲಿ ಬಂದು, ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಹೋಗಿಬಿಟ್ಟಿತ್ತು.

ಎರಡನೇ ದಿನದಿಂದ ಡಿಬೇಟ್. ಏನೇನು ಇಳಿಯಿತು ಅಂತ ಅಲ್ಲ. ಇಳಿಸಿದ ಪುಣ್ಯ ಯಾರಿಗೆ ಅಂತ. ಒಬ್ಬರು ಪ್ರಧಾನಿಯ ಕೊಡುಗೆ ಅಂದರು. ಇನ್ನೊಬ್ಬರು ಎಂಟು ವರ್ಷ ಸುಲಿದವರೂ ಅವರೇ ಅಲ್ವಾ ಅಂದರು. ಎರಡೂ ಮಾತಾಡಬೇಕಾದ ವಿಷಯವೇ. ರಾಜ್ಯಗಳ ವರಮಾನ ಖೋತಾ ಆಗುತ್ತದೆ ಅಂತ ಕರ್ನಾಟಕವೂ ತಕರಾರು ಎತ್ತಿತ್ತು. ಅದು ಸಣ್ಣ ವಿಷಯವಲ್ಲ. ಆದರೆ ಇಬ್ಬರೂ ಒಟ್ಟಿಗೆ ಕೂಗಿದರೆ ಯಾರಿಗೆ ಕೇಳಿಸುತ್ತದೆ? ಮಧ್ಯೆ ಆ್ಯಂಕರ್ ಬೇರೆ. ಅವರಿಬ್ಬರನ್ನು ಸುಮ್ಮನಿರಿಸಲು ಅವರಿಬ್ಬರಿಗಿಂತ ಜೋರಾಗಿ ಕೂಗುತ್ತಾರೆ. ನಮ್ಮ ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು. ಸಂತೆ ದಿನ ತುಂಬಿದ ಬಸ್ಸಿನಲ್ಲಿ ಕೋಳಿ, ಮಕ್ಕಳು, ಚೀಲ ಎಲ್ಲದರ ನಡುವೆ ಟಿಕೆಟ್ ಹರಿದವರು. ಅವರೇ ವಾಲ್ಯೂಮ್ ಕಡಿಮೆ ಮಾಡು ಅಂದರು ಅಂದರೆ ನೀವೇ ಲೆಕ್ಕ ಹಾಕಿ.

14ನೇ ತಾರೀಕು ಭಾನುವಾರ. ಏಷ್ಯಾ ಕಪ್‌ನಲ್ಲಿ ಭಾರತ-ಪಾಕಿಸ್ತಾನ ಮ್ಯಾಚ್. ಮುಗಿದ ಮೇಲೆ ನಮ್ಮವರು ಅವರ ಕೈ ಕುಲುಕಲಿಲ್ಲ. ಅಲ್ಲಿಗೆ ಜಿಎಸ್‌ಟಿ ಸತ್ತೇ ಹೋಯಿತು. ಕೈ ಕುಲುಕದೆ ಹೋದ ಹತ್ತು ಸೆಕೆಂಡಿನ ತುಣುಕನ್ನು ವಾರವಿಡೀ ತಿರುಗಿಸಿ ತಿರುಗಿಸಿ ಹಾಕಿದರು. ನಿಧಾನಕ್ಕೆ, ಇನ್ನೂ ನಿಧಾನಕ್ಕೆ, ಸುತ್ತ ಕೆಂಪು ಗೆರೆ ಎಳೆದು. ಆ ಮ್ಯಾಚ್ ಆಡಬೇಕಿತ್ತಾ ಬೇಡವಾ ಅನ್ನುವ ಪ್ರಶ್ನೆಗೆ ಅರ್ಥ ಇದೆ, ಇಲ್ಲ ಅನ್ನುವುದಿಲ್ಲ. ನಾನೂ ಅಪ್ಪನ ಜೊತೆ ವಾದ ಮಾಡಿದೆ. ಆದರೆ ಒಂದು ವಾರ? ನಮ್ಮ ಮನೆ ದುಡ್ಡಿನ ಲೆಕ್ಕಕ್ಕೆ ಒಂದು ನಿಮಿಷ ಇಲ್ಲದವರಿಗೆ ಬೇರೆಯವರ ಕೈ ನೋಡಲು ಒಂದು ವಾರ ಸಿಗುತ್ತದೆ!

ಇದನ್ನೆಲ್ಲ ನೋಡುವಾಗ ಅಮ್ಮ ಒಂದು ಮಾತು ಹೇಳಿದರು. "ಇದಕ್ಕೆ ನನ್ನ ಸೀರಿಯಲ್ ಬೈತೀಯಲ್ಲ, ಅದರಲ್ಲಿ ಆರು ತಿಂಗಳಿಗಾದರೂ ಮದುವೆ ಮುಗಿಯುತ್ತೆ." ನನಗೆ ಉತ್ತರ ಹೊಳೆಯಲಿಲ್ಲ.

ಟಿವಿಗೂ ರಾಜಕೀಯಕ್ಕೂ ಬೀಗತನ ಹೊಸದಲ್ಲ, ಅದು ನನ್ನ ತಕರಾರೂ ಅಲ್ಲ. 1987-88ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದ ರಾಮಾಯಣ ನೋಡಲು ಊರಿಗೊಂದೇ ಟಿವಿ ಇದ್ದ ಮನೆಗೆ ಅಮ್ಮ ಹೋಗುತ್ತಿದ್ದರಂತೆ. ಹಿಂದಿ ಒಂದಕ್ಷರ ಬರದು, ಕಥೆ ಗೊತ್ತಿತ್ತಲ್ಲ, ಸಾಕಿತ್ತು. 1991ರಲ್ಲಿ ಅದರ ಸೀತೆಯೂ ರಾವಣನೂ ಒಂದೇ ಪಕ್ಷದಿಂದ ಗೆದ್ದು ಲೋಕಸಭೆಗೆ ಹೋದರು. ರಾಮನ ಸರದಿ ಬಂದದ್ದು 2024ರಲ್ಲಿ, ಮೇರಠ್‌ನಿಂದ. ನಮ್ಮ ಮಂಡ್ಯವನ್ನೇ ನೋಡಿ, ಸಿನಿಮಾದವರಿಲ್ಲದೆ ಈಚೆಗೆ ಅಲ್ಲಿ ಚುನಾವಣೆ ನಡೆದದ್ದೇ ಅಪರೂಪ. ಬರಲಿ, ಗೆಲ್ಲಲಿ, ಜನ ವೋಟು ಹಾಕಿದ್ದಾರೆ. ನಟರು ರಾಜಕೀಯಕ್ಕೆ ಬಂದದ್ದು ನನಗೆ ಸಮಸ್ಯೆ ಅಲ್ಲ. ಸುದ್ದಿ ಓದುವವರು ನಟನೆಗೆ ಇಳಿದದ್ದು ಸಮಸ್ಯೆ.

ನಟನೆ ಅಂದೆನಲ್ಲ, ಅದು ಬರೀ ತಮಾಷೆಯಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಮೇ ತಿಂಗಳಿನ ಆ ಎರಡು ರಾತ್ರಿ ನನಗೆ ಇನ್ನೂ ಮರೆತಿಲ್ಲ. ಆಪರೇಷನ್ ಸಿಂಧೂರ ಆದ ಮೇಲಿನ ದಿನಗಳು, 8 ಮತ್ತು 9ನೇ ತಾರೀಕು. ನಮ್ಮ ಎದುರುಮನೆ ಆಂಟಿಯ ಮಗ ಆಗ ಜಮ್ಮುವಿನ ಕಡೆ ಡ್ಯೂಟಿಯಲ್ಲಿದ್ದ. ಫೋನ್ ಸಿಗುತ್ತಿರಲಿಲ್ಲ. ಅವರ ಮನೆಯಲ್ಲಿ ಟಿವಿ ಕೆಟ್ಟಿತ್ತು, ನಮ್ಮ ಹಾಲ್‌ನಲ್ಲೇ ಬಂದು ಕೂತಿದ್ದರು. ಟಿವಿಯಲ್ಲಿ ಸೈರನ್. ಊಂ... ಅಂತ, ಬಿಡದೆ. ಆಂಟಿಗೆ ಅದು ತುಮಕೂರಿನದ್ದಾ, ಜಮ್ಮುವಿನದ್ದಾ, ಸ್ಟುಡಿಯೋದ್ದಾ ಒಂದೂ ತಿಳಿಯಲಿಲ್ಲ. ಒಂದು ಸಲ ಎದ್ದು ಬಾಗಿಲಿಗೆ ಹೋಗಿ ಆಕಾಶ ನೋಡಿ ಬಂದರು. ಆ ರಾತ್ರಿ ಟಿವಿಗಳು ಕರಾಚಿ ಬಂದರು ಧ್ವಂಸ ಅಂದವು. ಬೆಳಗಾದ ಮೇಲೆ ನೋಡಿದರೆ ಬಂದರು ಇದ್ದಲ್ಲೇ ಇತ್ತು. ತಪ್ಪಾಯಿತು ಅಂತ ಒಂದು ಸಾಲು ನಾನು ನೋಡುತ್ತಿದ್ದ ಚಾನೆಲ್‌ನಲ್ಲಿ ಬರಲಿಲ್ಲ. 10ನೇ ತಾರೀಕು ಕೇಂದ್ರ ಸರ್ಕಾರವೇ ಕಾರ್ಯಕ್ರಮಗಳಲ್ಲಿ ಸೈರನ್ ಶಬ್ದ ಹಾಕಬೇಡಿ ಅಂತ ಚಾನೆಲ್‌ಗಳಿಗೆ ತಿಳಿಹೇಳಬೇಕಾಯಿತು. ಹೀಗೇ ಹಾಕುತ್ತಿದ್ದರೆ ನಿಜವಾದ ಸೈರನ್ ಕೂಗಿದಾಗ ಜನ ಮಾಮೂಲಿ ಅಂತ ಕೂತುಬಿಡುತ್ತಾರೆ ಅನ್ನುವುದು ಕಾರಣ. ಇದನ್ನು ಸರ್ಕಾರ ಹೇಳಬೇಕಾ? ಮನೆಯಲ್ಲಿ ಒಬ್ಬ ತಾಯಿ ಕೂತಿರುತ್ತಾಳೆ ಅಂತ ಎಡಿಟರ್ ಕುರ್ಚಿಯಲ್ಲಿ ಕೂತವರಿಗೆ ಹೊಳೆಯಲಿಲ್ವಾ?

ಆ ಹುಡುಗ ಕ್ಷೇಮವಾಗಿ ಬಂದ, ಅದಿರಲಿ.

ಯಾರಿಗಾದರೂ ಹೇಳಿದರೆ ತಕ್ಷಣ ಬರುವ ಉತ್ತರ "ಅವರೇನು ಮಾಡ್ತಾರೆ ಪಾಪ, ಟಿಆರ್‌ಪಿ". ಈ ಟಿಆರ್‌ಪಿ ಕಥೆಯನ್ನೂ ಸ್ವಲ್ಪ ಕೇಳಿ. 2020ರಲ್ಲಿ ದೇಶಕ್ಕೆಲ್ಲ ಸೇರಿ ಸುಮಾರು 44,000 ಮನೆಗಳಲ್ಲಿ ಯಾವ ಚಾನೆಲ್ ನೋಡುತ್ತಾರೆ ಅಂತ ಅಳೆಯುವ ಮೀಟರ್ ಇತ್ತು. ಅಷ್ಟು ಮನೆ ಏನು ನೋಡುತ್ತಾರೆ ಅನ್ನುವುದರ ಮೇಲೆ ಜಾಹೀರಾತಿನ ದುಡ್ಡು. ಮೀಟರ್ ಇರುವ ಕೆಲವು ಮನೆಗಳಿಗೆ ಹಣ ಕೊಟ್ಟು ಟಿವಿ ಹಾಕಿಸಿಡುತ್ತಿದ್ದಾರೆ ಅಂತ ಆ ವರ್ಷ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಹೇಳಿದರು. ಗಲಾಟೆ ಆಯಿತು. ನ್ಯೂಸ್ ಚಾನೆಲ್‌ಗಳ ರೇಟಿಂಗ್ ಕೊಡುವುದನ್ನೇ ನಿಲ್ಲಿಸಿದರು. ಮತ್ತೆ ಶುರುವಾದದ್ದು 2022ರ ಮಾರ್ಚ್‌ನಲ್ಲಿ. ಅಂದರೆ ಒಂದೂವರೆ ವರ್ಷದ ಹತ್ತಿರ ವಾರದ ಟಿಆರ್‌ಪಿಯೇ ಇರಲಿಲ್ಲ. ಆ ಒಂದೂವರೆ ವರ್ಷದಲ್ಲಿ ನಿಮ್ಮ ಮನೆ ಟಿವಿಯ ಕೂಗು ಒಂದು ಗೆರೆಯಾದರೂ ಇಳಿದಿತ್ತಾ? ನಮ್ಮ ಮನೆಯಲ್ಲಿ ಇಳಿದಿರಲಿಲ್ಲ. ಆದ್ದರಿಂದ ದಯವಿಟ್ಟು ನನಗೆ ಟಿಆರ್‌ಪಿ ಪಾಠ ಬೇಡ.

ಇನ್ನು ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕಬಾರದು ಅಂತ ಕೇಬಲ್ ಟಿವಿ ನಿಯಮ ಇದೆ. ಒಂದು ಸಂಜೆ ಅಪ್ಪನ ವಾಚ್ ಹಿಡಿದು ಲೆಕ್ಕ ಹಾಕಿದೆ. ಇಪ್ಪತ್ತು ದಾಟಿದ ಮೇಲೆ ವಾಚ್ ವಾಪಸ್ ಕೊಟ್ಟೆ.

ಪಾರ್ಲಿಮೆಂಟ್ ಬಗ್ಗೆ ಬರೆಯುವ ಹೊತ್ತಿಗೆ ನನಗೆ ಸುಸ್ತು. 2025ರ ಮುಂಗಾರು ಅಧಿವೇಶನ ಜುಲೈ 21ರಿಂದ ಆಗಸ್ಟ್ 21ರವರೆಗೆ ಇತ್ತು. ಲೋಕಸಭೆಯಲ್ಲಿ 120 ಗಂಟೆ ಚರ್ಚೆ ಆಗಬೇಕಿತ್ತು, ಆದದ್ದು 37 ಗಂಟೆ. 419 ಪ್ರಶ್ನೆಗಳು ಪಟ್ಟಿಯಲ್ಲಿದ್ದವು, ಬಾಯಿಮಾತಿನ ಉತ್ತರ ಸಿಕ್ಕಿದ್ದು 55ಕ್ಕೆ. ಕೊನೆಯ ದಿನ ಸ್ಪೀಕರ್ ಅವರೇ ಹೇಳಿದ ಲೆಕ್ಕ ಇದು. ಉಳಿದ 364 ಪ್ರಶ್ನೆ ಏನಿದ್ದವು? ಅದರಲ್ಲಿ ನಮ್ಮ ಜಿಲ್ಲೆಯದ್ದು ಇತ್ತಾ? ಯಾವ ಡಿಬೇಟ್‌ನಲ್ಲೂ ಕೇಳಲಿಲ್ಲ. ಘೋಷಣೆ ಕೂಗಿದ್ದು, ಕಾಗದ ಹರಿದು ಎಸೆದದ್ದು ಮಾತ್ರ ಬಂತು, ಹಿನ್ನೆಲೆ ಸಂಗೀತದ ಸಮೇತ. ಪಾರ್ಲಿಮೆಂಟಿನವರಿಗೂ ಗೊತ್ತು, ಕೂತು ಪ್ರಶ್ನೆ ಕೇಳಿದರೆ ಟಿವಿಯಲ್ಲಿ ಬರುವುದಿಲ್ಲ, ಎದ್ದು ಕೂಗಿದರೆ ಬರುತ್ತದೆ ಅಂತ.

ಇಷ್ಟು ಸಾಲದು ಅಂತ ಅಕ್ಟೋಬರ್ 7 ಬಂತು. ಬಿಗ್ ಬಾಸ್ ನಡೆಯುತ್ತಿದ್ದ ಬಿಡದಿಯ ಸ್ಟುಡಿಯೋಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದ ಮೇಲೆ ಬೀಗ ಬಿತ್ತು. ಅನುಮತಿ ಇಲ್ಲ, ಕೊಳಚೆ ನೀರಿನ ವ್ಯವಸ್ಥೆ ಸರಿ ಇಲ್ಲ ಅನ್ನುವುದು ಆಕ್ಷೇಪ. ಶೋ ಶುರುವಾಗಿ ಇನ್ನೂ ಹತ್ತು ದಿನ ಆಗಿತ್ತು. ಅವತ್ತು ಅಮ್ಮ ಮತ್ತು ಅಪ್ಪ ರಿಮೋಟ್‌ಗೆ ಜಗಳ ಆಡಲಿಲ್ಲ. ಅಮ್ಮನ ಕಾರ್ಯಕ್ರಮ ಅಪ್ಪನ ಚಾನೆಲ್‌ನಲ್ಲೇ ಬರುತ್ತಿತ್ತಲ್ಲ! ಗೇಟಿನ ಮುಂದೆ ಲೈವ್. ಸ್ಪರ್ಧಿಗಳು ಯಾವ ಕಾರು ಹತ್ತಿದರು, ಯಾವ ರೆಸಾರ್ಟ್, ರಾತ್ರಿ ಊಟ ಏನು. ನಾನು ಒಂದು ಗಂಟೆ ಪೂರ್ತಿ ನೋಡಿದೆ. ಆ ಕೊಳಚೆ ನೀರು ಎಲ್ಲಿಗೆ ಹೋಗುತ್ತಿತ್ತು, ಅಲ್ಲಿ ಸುತ್ತ ಯಾರ ಬಾವಿ ಇದೆ, ಯಾರ ಹೊಲ ಇದೆ ಅಂತ ಒಬ್ಬರೂ ಕೇಳಲಿಲ್ಲ. ಉಪಮುಖ್ಯಮಂತ್ರಿ ಮಧ್ಯೆ ಬಂದು ಬೀಗ ತೆಗೆಸಿದ ಮೇಲೆ ಎಲ್ಲರಿಗೂ ಖುಷಿ. ಅಮ್ಮನಿಗೂ ಖುಷಿ, ಸುಳ್ಳು ಹೇಳಬಾರದು. ನೀರಿನ ಸುದ್ದಿ ಅಲ್ಲೇ ಇಂಗಿತು.

ಬೇಡ, ಪ್ರೀಮಿಯಂ ಏನಾಯಿತು ಹೇಳಿ ಮುಗಿಸುತ್ತೇನೆ. 20ನೇ ತಾರೀಕು ತರಕಾರಿ ತರಲು ಹೋಗಿದ್ದೆ. ಅಲ್ಲಿ ನಮ್ಮ ಬೀದಿಯ ಎಲ್‌ಐಸಿ ಏಜೆಂಟ್ ಅಂಕಲ್ ಸಿಕ್ಕಿದರು. ಬದನೆಕಾಯಿ ಆರಿಸುತ್ತಲೇ ಕೇಳಿದೆ. "25ಕ್ಕೆ ತಾನೇ ಮುಗಿಯೋದು? 22ಕ್ಕೆ ಕಟ್ಟಮ್ಮ. ಟ್ಯಾಕ್ಸ್ ಇರಲ್ಲ. ಆಫೀಸಿನವರು ಮಾಡಿಸಿಕೊಟ್ಟಿರೋ ಗ್ರೂಪ್ ಪಾಲಿಸಿ ಆದರೆ ಇದು ಬರಲ್ಲ, ನಿಮ್ಮದು ಸ್ವಂತದ್ದಲ್ವಾ, ಬರುತ್ತೆ." ಅಷ್ಟೇ. ಅರ್ಧ ಕೆಜಿ ಬದನೆಕಾಯಿ ತೂಕ ಆಗುವಷ್ಟರಲ್ಲಿ ಮುಗಿಯಿತು. ಬೆಂಕಿ ಇಲ್ಲ, ಸೈರನ್ ಇಲ್ಲ, ಬ್ರೇಕ್ ಇಲ್ಲ.

22ರ ಬೆಳಿಗ್ಗೆ, ನವರಾತ್ರಿಯ ಮೊದಲ ದಿನ, ದೇವರಿಗೆ ದೀಪ ಹಚ್ಚಿ ಫೋನಿನಲ್ಲೇ ಕಟ್ಟಿದೆ. 31,000. ಜಿಎಸ್‌ಟಿ ಎದುರು ಸೊನ್ನೆ. ರಸೀದಿ ತೋರಿಸಿದೆ. ಅಪ್ಪ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದರು. ಕಂಡಕ್ಟರ್ ಅಲ್ವಾ, ಎರಡು ಸಲ ಲೆಕ್ಕ ಮಾಡಿದರು.

"ಪೂರ್ತಿ ಕಟ್ಟಿದೀಯಾ?"

"ಪೂರ್ತಿ ಇಷ್ಟೇ ಅಪ್ಪ. ಟ್ಯಾಕ್ಸ್ ತೆಗೆದಿದ್ದಾರೆ."

"ಹಾಗಂತ ಟಿವಿಲಿ ಹೇಳಲಿಲ್ಲವಲ್ಲ."

ಅಂದಿನಿಂದ ಇವತ್ತಿನವರೆಗೆ ಅವರಿಗೆ ಅನುಮಾನ ಹೋಗಿಲ್ಲ. ಉಳಿದ 5,580 ಕಟ್ಟದೆ ಪಾಲಿಸಿ ಎಲ್ಲಿ ರದ್ದಾಗುತ್ತದೋ ಅಂತ. ದಿನಾ ಸಂಜೆ ಎಂಟು ಗಂಟೆಗೆ ಕನ್ನಡಕ ಒರೆಸಿಕೊಂಡು ಕೂತಿರುತ್ತಾರೆ, ಕೆಳಗೆ ಓಡುವ ಸಾಲನ್ನೇ ನೋಡಿಕೊಂಡು.