"ನಮ್ಮದು ಯಂಗ್ ಟೀಮ್, ಮೇಡಂ"

ನಾನು ಅಕೌಂಟ್ಸ್ ಕೆಲಸಕ್ಕೆ ಅರ್ಜಿ ಹಾಕಿದ್ದ ಕಂಪನಿಯಿಂದ ಫೋನ್ ಮಾಡಿದ ಆ ಹುಡುಗಿ ಒಳ್ಳೆಯವಳೇ. ಮಾತಿನಲ್ಲಿ ಮರ್ಯಾದೆ ಇತ್ತು. ಲೆಕ್ಕ ಬರೆಯೋ ಸಾಫ್ಟ್‌ವೇರ್ ಟ್ಯಾಲಿ ಗೊತ್ತಾ, ಜಿಎಸ್‌ಟಿ ರಿಟರ್ನ್ ಹಾಕೋಕೆ ಬರುತ್ತಾ, ಎಕ್ಸೆಲ್ ಹೇಗೆ ಅಂತೆಲ್ಲ ಕೇಳಿದಳು, ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟೆ. ಕೊನೆಗೆ "ಬಿಕಾಂ ಯಾವ ವರ್ಷ ಮುಗಿಸಿದ್ರಿ ಮೇಡಂ?" ಅಂದಳು. 1998 ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ನಮ್ಮದು ಯಂಗ್ ಟೀಮ್, ಮೇಡಂ. ನಿಮಗೇ ಕಷ್ಟ ಆಗಬಹುದು. ತಿಳಿಸ್ತೀವಿ."

ತಿಳಿಸಲಿಲ್ಲ. ನಾನು ಅರ್ಜಿ ಹಾಕಿದ ಹನ್ನೊಂದನೇ ಕಡೆ ಅದು.

ಆಗ ನನಗೆ 45. ಮದುವೆಗೆ ಮುಂಚೆ ಎರಡು ವರ್ಷ ಅಕೌಂಟ್ಸ್ ಕೆಲಸ ಮಾಡಿದ್ದೆ. ಆಮೇಲೆ ಮಕ್ಕಳು, ಅದಾದ ಮೇಲೆ ಹಾಸಿಗೆ ಹಿಡಿದ ಅತ್ತೆ. ಅತ್ತೆ ತೀರಿಕೊಂಡ ಮೇಲೆ ಇಲ್ಲೇ ಮೈಸೂರಿನಲ್ಲಿ ಟ್ಯಾಲಿ ಕ್ಲಾಸಿಗೆ ಸೇರಿದೆ. ಬ್ಯಾಚಿನಲ್ಲಿದ್ದವರೆಲ್ಲ ನನ್ನ ಮಗಳ ವಯಸ್ಸಿನವರು, "ಬನ್ನಿ ಆಂಟಿ" ಅಂತ ಜಾಗ ಬಿಡುತ್ತಿದ್ದರು. ಜಿಎಸ್‌ಟಿ ಬಂದಿದ್ದೇ 2017ರ ಜುಲೈನಲ್ಲಿ. 25 ವರ್ಷ ಸರ್ವಿಸ್ ಆದವರೂ ಅದನ್ನು ಹೊಸದಾಗಿಯೇ ಕಲಿತರು, ನಾನೂ ಕಲಿತೆ. ಇದರಲ್ಲಿ ವಯಸ್ಸು ಎಲ್ಲಿ ಅಡ್ಡ ಬಂತು?

ಯಾರಾದರೂ ಜಾತಿ ಕೇಳಿ ಕೆಲಸ ಕೊಡಲ್ಲ ಅಂದರೆ ನಾಲ್ಕು ಜನಕ್ಕಾದರೂ ಸಿಟ್ಟು ಬರುತ್ತದೆ. ವಯಸ್ಸು ಕೇಳಿ ಕಳಿಸಿದರೆ ಮನೆಯವರೇ "ಅವರು ಹೇಳೋದೂ ಸರಿ ಅಲ್ವಾ, ಈಗ್ಯಾಕೆ ನಿನಗೆ ಇದೆಲ್ಲ" ಅನ್ನುತ್ತಾರೆ. ಕಾಳಜಿಯ ಮಾತಿನ ಥರ ಬರುತ್ತದಲ್ಲ, ಅದಕ್ಕೇ ಜಾಸ್ತಿ ನೋವು. ನಮ್ಮ ಸಂವಿಧಾನದ 16ನೇ ವಿಧಿ ಸರ್ಕಾರಿ ಕೆಲಸದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಊರು, ವಾಸದ ಊರು ನೋಡಿ ಭೇದ ಮಾಡಬಾರದು ಅನ್ನುತ್ತದೆ. ಆ ಪಟ್ಟಿಯಲ್ಲಿ ವಯಸ್ಸು ಇಲ್ಲ. ಖಾಸಗಿ ಕಂಪನಿಗಳಲ್ಲಿ ಇದನ್ನು ತಡೆಯೋಕೆ ಅಂತಲೇ ಒಂದು ಕಾನೂನು ನಮ್ಮಲ್ಲಿಲ್ಲ. ಅಮೆರಿಕದಲ್ಲಿ 40 ದಾಟಿದವರಿಗಾಗಿ 1967ರಲ್ಲೇ ಕಾನೂನು ಮಾಡಿದರು. ಕಾನೂನು ಬಂದ ಕೂಡಲೇ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ, ಆದರೆ "ವಯೋಮಿತಿ 35" ಅಂತ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕೋ ಧೈರ್ಯವಾದರೂ ಕಮ್ಮಿಯಾಗಬಹುದು.

ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಟೆನಿಸ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಪುರುಷರ ಡಬಲ್ಸ್‌ನಲ್ಲಿ ಅವರಿಗೆ ಅದೇ ಮೊದಲ ಗ್ರ್ಯಾಂಡ್‌ಸ್ಲಾಂ. ನಂಬರ್ ಒನ್ ಆಗಿದ್ದೂ ಆಗಲೇ. ಮೊಣಕಾಲು ಸವೆದಿತ್ತು. ಅದಕ್ಕೆ ಕೆಲವು ವರ್ಷ ಮುಂಚೆ ತಿಂಗಳುಗಟ್ಟಲೆ ಒಂದೂ ಮ್ಯಾಚ್ ಗೆಲ್ಲದೆ, ಆಟ ಬಿಟ್ಟುಬಿಡೋಣ ಅನ್ನಿಸಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಅಯ್ಯಂಗಾರ್ ಯೋಗ ಮಾಡಿ ಮಂಡಿ ನೋವು ಕಡಿಮೆ ಮಾಡಿಕೊಂಡರು. ಇದನ್ನೆಲ್ಲ ಹೇಳಿ ನಮ್ಮ ಜನ "ನೋಡಿ, ಛಲ ಇದ್ದರೆ ಆಗುತ್ತೆ" ಅನ್ನುತ್ತಾರೆ. ಛಲ ಸರಿ. ನನಗೆ ನೆನಪಾಗೋದು ಅವರ ಜೊತೆ ಆಡಿ ಗೆದ್ದ ಮ್ಯಾಥ್ಯೂ ಎಬ್ಡನ್. ಡಬಲ್ಸ್ ಒಬ್ಬರೇ ಆಡೋ ಆಟ ಅಲ್ಲ. ಎಬ್ಡನ್ ಬೋಪಣ್ಣನವರಿಗಿಂತ ಏಳು ವರ್ಷ ಚಿಕ್ಕವರು, ಬೇರೆ ಚಿಕ್ಕ ವಯಸ್ಸಿನ ಜೊತೆಗಾರನನ್ನು ಹುಡುಕಿಕೊಳ್ಳಬಹುದಿತ್ತು. ಆದರೂ 2023ರಿಂದ ಬೋಪಣ್ಣನವರ ಜೊತೆಗೇ ಆಡಿದರು. ಅದೇ ವರ್ಷ ಯುಎಸ್ ಓಪನ್ ಫೈನಲ್‌ನಲ್ಲಿ ಸೋತರು, ಆಗಲೂ ಜೋಡಿ ಮುರಿಯಲಿಲ್ಲ. ಮತ್ತೆ ಟೆನಿಸ್‌ನಲ್ಲಿ ನೀವು ಯಾವ ವರ್ಷ ಹುಟ್ಟಿದಿರಿ ಅಂತ ನೋಡಿ ಟೂರ್ನಿಯಿಂದ ಹೊರಗೆ ಹಾಕಲ್ಲ, ರ‍್ಯಾಂಕಿಂಗ್ ಪಾಯಿಂಟ್ ಎಷ್ಟಿದೆ ಅಂತ ನೋಡುತ್ತಾರೆ. ಹನ್ನೊಂದು ಕಡೆ ತಿರುಗಿದ ನನಗೆ ಛಲ ಏನು ಕಮ್ಮಿ ಇರಲಿಲ್ಲ.

ಹನ್ನೆರಡನೇ ಕಡೆ ಒಬ್ಬ ಹಿರಿಯ ಆಡಿಟರು. ಅವರು ವರ್ಷ ಕೇಳಲಿಲ್ಲ. ಒಂದು ಪಾತ್ರೆ ಅಂಗಡಿಯ ಮೂರು ತಿಂಗಳ ಪರ್ಚೇಸ್ ಬಿಲ್ ಕಟ್ಟು ಮುಂದಿಟ್ಟು, "ಇದನ್ನ 2ಬಿ ಜೊತೆ ತಾಳೆ ನೋಡಿ ಕೊಡಿಮ್ಮ" ಅಂದರು. 2ಬಿ ಅಂದರೆ ಮಾಲು ಮಾರಿದವರು ಜಿಎಸ್‌ಟಿಯಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿ. ಸಂಜೆ ಹೊತ್ತಿಗೆ ಎರಡು ಬಿಲ್ಲಿನ ಇನ್‌ಪುಟ್, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯ ಕ್ರೆಡಿಟ್, ಬಂದಿಲ್ಲ ಅಂತ ಹಿಡಿದುಕೊಟ್ಟೆ. ಅವರು ಕನ್ನಡಕ ಏರಿಸಿ ಒಂದ್ಸಲ ಬಿಲ್ ನೋಡಿದರು, ಒಂದ್ಸಲ ನನ್ನನ್ನ ನೋಡಿದರು. "ನಾಳೆ ಹತ್ತಕ್ಕೆ ಬನ್ನಿ." ಬಸ್ಸಿನಲ್ಲಿ ಅಳುತ್ತಲೇ ಮನೆಗೆ ಬಂದೆ.

ಈಗ 38 ಅಂಗಡಿಗಳ ರಿಟರ್ನ್ ನನ್ನದೇ ಜವಾಬ್ದಾರಿ. ಇದು ಪೇಪರಿನಲ್ಲಿ ಬರೋ ಸಾಧನೆ ಅಲ್ಲ, ಗೊತ್ತು. ಮೊದಲ ಸಂಬಳದಲ್ಲಿ ನನ್ನ ಹೆಸರಿನಲ್ಲೇ ಒಂದು ಆರ್‌ಡಿ ಮಾಡಿಸಿದೆ, ನನಗೆ ಇದೇ ಸಾಧನೆ.

ಹೋದ ವಾರ ಆಫೀಸಿಗೆ ಒಂದು ರೆಸ್ಯೂಮೆ ಬಂತು. ಅವರಿಗೆ 52, ಹದಿನಾರು ವರ್ಷದ ಗ್ಯಾಪ್. ಸರ್ ನನ್ನ ಟೇಬಲ್ ಮೇಲೆ ಇಟ್ಟು "ನೀವೇ ನೋಡಿ" ಅಂದರು. ನಾನೇ ಫೋನ್ ಮಾಡಿದೆ. ನಾನಿನ್ನೂ ಹೆಸರು ಕೇಳೋ ಮುಂಚೆಯೇ "ಮೇಡಂ, ನನ್ನ ವಯಸ್ಸು ಸ್ವಲ್ಪ..." ಅಂತ ಶುರುಮಾಡಿದರು. 20ನೇ ತಾರೀಖಿಗೆ ಜಿಎಸ್‌ಟಿಯ 3ಬಿ ರಿಟರ್ನ್ ಗಡುವು, ಅದು ಮುಗಿದ ಮಾರನೇ ದಿನ ಬನ್ನಿ, ಒಂದು ಬಿಲ್ ಕಟ್ಟು ಎತ್ತಿಟ್ಟಿರ್ತೀನಿ ಅಂದೆ.